ಗೋಡೆಯೊಳಗೆ ಹನ್ನೊಂದು ಓಮ್

ಮೂರನೇ ಸಲ ಅದೇ ಇಸ್ತ್ರಿಪೆಟ್ಟಿಗೆ ತಂದಳು ಕನ್ನಿಯಮ್ಮ,
ಯಾರದೋ ದಿಂಬಿನ ಕವರಿನಲ್ಲಿ ಸುತ್ತಿ.
ಕೌಂಟರಿನ ಮೇಲೆ ಕುಕ್ಕಿದಳು:
"ಸೋಂಬೇರಿ ಆಗೈತೆ ಇದು. ಒಳಗಿನ ತಂತಿ ಕದ್ಕೊಂಡ್ರಾ?"

ಖಲಂದರ್ ಸಾಬ್ ನಗಲಿಲ್ಲ. ಗಲ್ಲದಿಂದಲೇ ನನ್ನತ್ತ ತೋರಿಸಿದರು.
"ಏ ಐಟಿಐ, ನೋಡಮ್ಮ."

ಮೀಟರಿನ ಎರಡು ಮೊನೆ, ಪ್ಲಗ್ಗಿನ ಎರಡು ಕಾಲು.
ಐವತ್ತಮೂರು ಓಮ್.
ಹೋದ ಸಲವೂ ಐವತ್ತಮೂರೇ,
ಪೆಟ್ಟಿಗೆಯ ಹಿಡಿಯ ಕೆಳಗೆ ನಾನೇ ಬರೆದದ್ದು
ಬೆವರಿಗೆ ಅರ್ಧ ಅಳಿಸಿತ್ತು.
ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ:
ಶರಟಿಗೆ ಎಂಟು, ಸೀರೆಗೆ ನಲವತ್ತು,
ಯಾವ ಮನೆಯವರು ಎಷ್ಟು ತಿಂಗಳು ಬಾಕಿ.
ಅದಕ್ಕೇ ಲೆಕ್ಕ ಹೇಳಿದೆ.
ಇನ್ನೂರ ಮೂವತ್ತು ವೋಲ್ಟನ್ನು ಐವತ್ತಮೂರರಿಂದ ಭಾಗಿಸು,
ಬಂದದ್ದು ಆಂಪಿಯರ್, ನಾಲ್ಕು ಪಾಯಿಂಟ್ ಮೂರು ನಾಲ್ಕು.
ಅದನ್ನು ಮತ್ತೆ ವೋಲ್ಟಿನಿಂದ ಗುಣಿಸು,
ಸಾವಿರ ವಾಟಿಗೆ ಎರಡೇ ಕಮ್ಮಿ.
"ಪೆಟ್ಟಿಗೆ ಸರಿಯಾಗಿದೆ, ಅಮ್ಮ."

"ನಿನ್ ಅಂಗಡೀಲಿ ಸರಿ," ಅಂದಳು.
"ಶ್ರೀರಾಮಪುರಕ್ಕೆ ಬಂದು ಹೇಳು ಅದನ್ನ."

ಹೋದೆ.
ತುಸು ದೂರದಲ್ಲಿ ಏಳುನೂರ ಐವತ್ತು ವೋಲ್ಟಿನ ಮೆಟ್ರೊ ಸರಿದು ಹೋಯಿತು.
ಕೆಳಗೆ ಆರಡಿಗೆ ನಾಲ್ಕಡಿ ಅಂಗಡಿ, ಒಂದು ಮೇಜು,
ಮಡಿಸಿದ ಕಂಬಳಿ, ಬಾಕಿ ಉಳಿದ ಇಪ್ಪತ್ತೆರಡು ಶರಟು.
ಸಾಕೆಟ್ಟಿಗೆ ಮೊನೆ ಇಟ್ಟೆ: ಇನ್ನೂರ ಮೂವತ್ತು.
"ನೋಡಿದ್ಯಾ," ಅನ್ನಬೇಕೆಂದಿದ್ದೆ, ಅನ್ನಲಿಲ್ಲ.
ಹೊರೆ ಹೊರಿಸುವ ತನಕ ಯಾವ ತಂತಿಯೂ
ತನ್ನ ನೋವು ಹೇಳಿಕೊಳ್ಳುವುದಿಲ್ಲ,
ಸಾಬ್ ಹೇಳುತ್ತಿರುತ್ತಾರೆ, ಚಹಾ ಕುಡಿಯುವಾಗ.

ಪೆಟ್ಟಿಗೆ ಹಾಕಿದಳು.
ವೋಲ್ಟು ನೂರ ತೊಂಬತ್ತಕ್ಕೆ ಬಿತ್ತು.
ಕ್ಲಾಂಪಿನ ಬಾಯಲ್ಲಿ ಮೂರು ಪಾಯಿಂಟ್ ಐದು ಎಂಟು.
ಗುಣಿಸಿದೆ: ಆರುನೂರ ಎಂಬತ್ತು ವಾಟು.
ವೋಲ್ಟು ಇಳಿದದ್ದು ಆರರಲ್ಲೊಂದು ಪಾಲು,
ಶಾಖ ಇಳಿದದ್ದು ಮೂರರಲ್ಲೊಂದಕ್ಕೆ ಹತ್ತಿರ.
ಅವಳು ಹೇಳಿದ್ದು ಸುಳ್ಳಲ್ಲ.

ಹೊರಗೆ ಮೀಟರ್ ಬೋರ್ಡಿನಲ್ಲಿ, ಪೆಟ್ಟಿಗೆ ಕಾಯುತ್ತಿರುವಾಗಲೇ,
ಇನ್ನೂರ ಮೂವತ್ತು ಹಾಗೇ ಇತ್ತು.
ಮತ್ತೆ ನಲವತ್ತು ವೋಲ್ಟು ನಡುವೆ ಎಲ್ಲಿ ಇಳಿಯಿತು?
ನಲವತ್ತನ್ನು ಮೂರು ಪಾಯಿಂಟ್ ಐದು ಎಂಟರಿಂದ ಭಾಗಿಸಿದೆ.
ಹನ್ನೊಂದು ಓಮ್, ಚಿಲ್ಲರೆ.
ಗುಣಿಸಿದೆ.
ನೂರ ನಲವತ್ತಮೂರು ವಾಟು.
ಪೆನ್ನು ಅಲ್ಲೇ ನಿಂತಿತು.
ಅಷ್ಟು ಶಾಖ ಈ ನಾಲ್ಕು ಅಡಿಯೊಳಗೆ
ಎಲ್ಲಾದರೂ ಇರಲೇಬೇಕು.

"ವಾಸನೆ ಏನಾದ್ರೂ ಬರುತ್ತಾ, ಅಮ್ಮ?"

"ಮೀನು," ಅಂದಳು ಥಟ್ಟನೆ.
"ಪಕ್ಕದ ಅರುಳ್‌ಮೇರಿ, ಒಣಮೀನಿನವಳು.
ಎರಡು ತಿಂಗಳಾಯ್ತು ಅವಳ ಜೊತೆ ಮಾತು ಬಿಟ್ಟು.
ಬಟ್ಟೆಗೆಲ್ಲ ನಾತ, ಗಿರಾಕಿ ಬೈತಾರೆ."

ಫೈನಾನ್ಸ್ ಕಂಪನಿಯ ಕ್ಯಾಲೆಂಡರ್ ಎತ್ತಿದೆ.
ಹಿಂದೆ ಸುಣ್ಣ ಹಳದಿಗಟ್ಟಿ ಗುಳ್ಳೆ ಎದ್ದಿತ್ತು.
ಅಂಗೈ ಇಟ್ಟು ಸರಕ್ಕನೆ ತೆಗೆದೆ.
ಮೇನ್ ಇಳಿಸಿ, ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ
ಕರಿಬೇವಿನ ಕಡ್ಡಿಯ ಹಾಗೆ ಸುಟ್ಟ ಜೋಡಣೆ,
ಅಲ್ಯುಮಿನಿಯಂ ತಂತಿಗೆ ತಾಮ್ರ ಹೊಸೆದು
ಟೇಪು ಸುತ್ತಿ ಯಾರೋ ಕೈ ತೊಳೆದುಕೊಂಡಿದ್ದರು.
ಕರಗಿದ ಬೇಕಲೈಟಿನಿಂದ ಹಳಸಿದ ಮೀನಿನ ನಾತ.

ಅರ್ಧ ಗಂಟೆಯ ಕೆಲಸ. ಪೂರ್ತಿ ತಾಮ್ರ, ಹಿತ್ತಾಳೆ ಕನೆಕ್ಟರು, ಹೊಸ ಸಾಕೆಟ್ಟು.
ಈಗ ಹೊರೆ ಹೊತ್ತರೂ ಇನ್ನೂರ ಇಪ್ಪತ್ತೊಂಬತ್ತು.
ಅವಳು ನೀರು ಚಿಮುಕಿಸಿದಳು. ಚುಯ್.

ಆಮೇಲೆ ಬೆರಳು ಮಡಿಸಿ ತಾನೇ ಎಣಿಸಿದಳು.
ಮೀಟರಿಗೆ ಕಟ್ಟಿದ್ದು ಎಂಟುನೂರ ಇಪ್ಪತ್ತಮೂರಕ್ಕೆ,
ಬಟ್ಟೆಗೆ ಸಿಕ್ಕಿದ್ದು ಆರುನೂರ ಎಂಬತ್ತು.
"ಹಂಗಾದ್ರೆ ಎರಡು ತಿಂಗಳಿಂದ
ಓನರ್ ಗೋಡೆಗೂ ಇಸ್ತ್ರಿ ಹಾಕ್ತಿದ್ದೆ ನಾನು."

ಎರಡು ಶರಟು ಮುಗಿಸಿದಳು, ಕಾಲರು ಸಮೇತ.
ಮೂರನೆಯದು ಹಾಸಿ, ಪೆಟ್ಟಿಗೆ ನಿಲ್ಲಿಸಿ,
ತಗಡಿನ ಮರೆಯತ್ತ ತಿರುಗಿ ಕೂಗಿದಳು:
"ಮೇರೀ, ನಿನ್ ಮೀನಲ್ಲ ಕಣೇ. ನನ್ ಗೋಡೆ."

ಆ ಕಡೆ ತಕ್ಕಡಿಯ ಸದ್ದು ನಿಂತಿತು.
ನಾನು ಟೆಸ್ಟರ್ ಜೇಬಿಗೆ ಸಿಕ್ಕಿಸಿಕೊಂಡೆ.
ಇನ್ನೂ ಉತ್ತರ ಬಂದಿರಲಿಲ್ಲ.